ಅಂಕಣದಲ್ಲಿ ಈಜಿದವಳು

"ಇದು ಚೆನ್ನಾಗಿದೆಯಾ, ಮೊದಲಿನದಾ?" ಎಂದು ಕೇಳಿ, ಬಲಗಣ್ಣಿನ ಮುಂದಿದ್ದ ಲೆನ್ಸು ತೆಗೆದು ಇನ್ನೊಂದನ್ನು ಇಳಿಸಿ, ಅವಳು ಉತ್ತರಕ್ಕೆ ಕಾದಳು. ಕನ್ನಡಕದ ಅಂಗಡಿಯ ಹಿಂಬದಿಯ ಕತ್ತಲೆಕೋಣೆಯಲ್ಲಿ, ಎತ್ತರದ ಕುರ್ಚಿಯ ಮೇಲೆ, ಕಬ್ಬಿಣದ ಖಾಲಿ ಫ್ರೇಮನ್ನು ಮೂಗಿನ ಮೇಲೆ ಹೊತ್ತು ಕೂತಿದ್ದ ಪ್ರೊಫೆಸರ್ ತುಂಬ ಹೊತ್ತು ಯೋಚಿಸಿದರು. ಎದುರು ಗೋಡೆಯ ಮೇಲೆ ಬೆಳಗುತ್ತಿದ್ದ ಅಕ್ಷರಗಳ ಹಲಗೆಯನ್ನು, ಆಮೇಲೆ ಸೂರನ್ನು, ಆಮೇಲೆ ತಮ್ಮ ಮೊಣಕಾಲನ್ನು ನೋಡಿದರು. "ಮೊದಲಿನದರಲ್ಲಿ ಒಂದು ಖಚಿತತೆ ಇತ್ತು ಮೇಡಂ. ಇದರಲ್ಲಿ ಒಂದು ಸಂದಿಗ್ಧತೆ ಇದೆ. ಆದರೆ ಆ ಸಂದಿಗ್ಧತೆಯಲ್ಲೇ ಒಂದು ರೀತಿಯ..."

"ಸರ್, ಅಕ್ಷರ ಕಾಣತ್ತಾ?"

"ಇಲ್ಲ."

ಅವಳು ಮತ್ತೆ ಮೊದಲಿನದನ್ನೇ ಇಳಿಸಿದಳು. ಇಷ್ಟು ವರ್ಷದಲ್ಲಿ ಅವಳಿಗೆ ಗೊತ್ತಾಗಿತ್ತು, ಕೆಲವರು ಕೊನೆಯ ಸಾಲನ್ನು ಓದುವುದಿಲ್ಲ, ಊಹಿಸುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಐದಾರು ಅಕ್ಷರ, ಅದರಲ್ಲಿ ಊಹಿಸುವುದಕ್ಕೆ ಏನೂ ಇಲ್ಲ, ಆದರೂ ಸೋಲೊಪ್ಪದೆ ಏನೋ ಒಂದು ಪದ ಕಟ್ಟಿ ಹೇಳಿಬಿಡುತ್ತಾರೆ. ತಪ್ಪಾಯಿತು ಎಂದರೆ ಹಲಗೆಯ ಮೇಲೆ ಸಿಟ್ಟಾಗುತ್ತಾರೆ. ಅಪ್ಪನೂ ಹಾಗೆಯೇ. ಅಪ್ಪನಿಗೆ ಕಣ್ಣಿನ ದೋಷವೇನೂ ಇರಲಿಲ್ಲ, ನೋಡುವ ಅಭ್ಯಾಸವೇ ಇರಲಿಲ್ಲ. ಗೋಡೆಗೆ ಮುಖ ಮಾಡಿ ಹಾಕಿದ ಮೇಜಿನ ಮುಂದೆ ಕೂತು, ಬೆನ್ನ ಹಿಂದೆಯೇ ಕಿಟಕಿ ಇದ್ದರೂ, "ಏ ಹುಡುಗಿ, ಆಕಾಶ ಹೇಗಿದೆ ನೋಡಿ ಹೇಳು" ಎಂದು ಕೂಗುತ್ತಿದ್ದ. ಅವಳು ಅಡಿಗೆಮನೆಯಿಂದ ಓಡಿಬಂದು, ಅಪ್ಪನ ಬೆನ್ನಿಗೂ ಕಿಟಕಿಗೂ ನಡುವೆ ತೂರಿ, ನೋಡಿ, "ಒಗೆದು ಒಗೆದು ಬಿಳಚಿಕೊಂಡ ನೀಲಿ ಅಂಗಿ ಹಾಗಿದೆ" ಎನ್ನುತ್ತಿದ್ದಳು. ಅಪ್ಪ ತಲೆಯೆತ್ತದೆ ಬರೆದುಕೊಳ್ಳುತ್ತಿದ್ದ. ಹಾಗೆ ಬರೆದುಕೊಂಡದ್ದರಲ್ಲಿ ಯಾವುದು ಎಲ್ಲಿ ಹೋಯಿತೋ ಅವಳು ಹುಡುಕಿದವಳಲ್ಲ. ಯಾರಿಗೂ ಕಾಣದ ಆಕಾಶವನ್ನು ಕಂಡ ಕಾದಂಬರಿಕಾರ ಎಂದು ಮಾತ್ರ ಶಾಲೆಯ ಪಾಠಪುಸ್ತಕದಲ್ಲಿ ಬಂದಿತ್ತು.

ಲೋಕಕ್ಕೆ ಅಪ್ಪ ಎಂದರೆ ಮೂರು ದಪ್ಪ ಕಾದಂಬರಿಗಳು. ಅವುಗಳನ್ನು ಓದಿದವರು ಅಪ್ಪನೆದುರು ಬಂದಾಗ ಸಾವಿನ ಮನೆಗೆ ಬಂದವರಂತೆ ದನಿ ತಗ್ಗಿಸುತ್ತಿದ್ದರು. ಅಪ್ಪನ ಕಾದಂಬರಿಯಲ್ಲಿ ಮದುವೆಯಾದವರು ಎರಡು ಅಧ್ಯಾಯಕ್ಕಿಂತ ಹೆಚ್ಚು ಬದುಕುತ್ತಿರಲಿಲ್ಲ. ನಗುವ ಮಗುವೊಂದು ಬಂತೆಂದರೆ ಓದುಗರು ಪುಟ ತಿರುಗಿಸುವುದಕ್ಕೆ ಹೆದರುತ್ತಿದ್ದರು. ಅದೇ ಮನುಷ್ಯ ವಾರವಾರವೂ ಒಂದು ಪತ್ರಿಕೆಯ ಹಿಂಪುಟದಲ್ಲಿ 'ಹಿತ್ತಿಲ ಬಾಗಿಲು' ಎಂಬ ಅಂಕಣ ಬರೆಯುತ್ತಿದ್ದ ಎಂಬುದನ್ನು ಅಭಿಮಾನಿಗಳು ಮನೆತನದ ಸಣ್ಣ ರೋಗವೊಂದನ್ನು ಮುಚ್ಚಿಡುವಂತೆ ಮುಚ್ಚಿಟ್ಟಿದ್ದರು. ಅಂಚೆ ಕಚೇರಿಯ ಸಾಲು, ಕೊಡೆ ರಿಪೇರಿಯವನ ಗತ್ತು, ಪಕ್ಕದ ಮನೆಯವರ ರೇಡಿಯೊ, ಇವು ಸಿಗದ ವಾರ ಹೆಂಡತಿ, ಅದೂ ಸಿಗದ ವಾರ ಮಗಳು. ಅಂಕಣದಲ್ಲಿ ಅಮ್ಮನ ಹೆಸರು ಗೃಹಮಂತ್ರಿ. ಅವಳ ಹೆಸರು ಗುಂಡುಪಿನ್ನಿ. ದೊಡ್ಡ ತಲೆ, ಕಡ್ಡಿ ಮೈ. ಗುಂಡುಪಿನ್ನಿ ಅಂಗಿಯ ಗುಂಡಿ ನುಂಗಿದ್ದು, ಅದು ಹೊರಬರುವ ತನಕ ಗೃಹಮಂತ್ರಿ ಕೋಲು ಹಿಡಿದು ಶೋಧನೆ ನಡೆಸಿದ್ದು, ಎಲ್ಲವೂ ಅಚ್ಚಾಗಿ, ಮರುದಿನ ಶಾಲೆಯಲ್ಲಿ ಹಾಜರಿ ಕೂಗುವಾಗ ಟೀಚರೇ "ಸಿಕ್ಕಿತೇನಮ್ಮ ಗುಂಡಿ?" ಎಂದು ಕೇಳಿದ್ದರು. ಹತ್ತು ಹದಿನೈದು ವರ್ಷದ ಮೇಲೆ, ಯಾರದೋ ಮನೆಯ ಮಹಡಿ ಮೆಟ್ಟಿಲಲ್ಲಿ, ಮುಂದೆ ಅವಳ ಗಂಡನಾಗಲಿದ್ದ ಮನುಷ್ಯ ಅವಳಿಗೆ ಆಡಿದ ಮೊದಲ ಮಾತೂ ಅದೇ: "ಗುಂಡಿ ನುಂಗಿದ್ದು ನೀವೇನಾ?"

ಈಗ ಪ್ರಕಾಶಕರು ಆ ಬಿಡಿ ಬರಹಗಳನ್ನೆಲ್ಲ ಸೇರಿಸಿ ಒಂದು ಸಂಪುಟ ತರುತ್ತಿದ್ದರು. ಪ್ರೊಫೆಸರ್ ಅದರ ಸಂಪಾದಕರು. ಕಾದಂಬರಿಗಳನ್ನು ಎಲ್ಲರೂ ಅರೆದು ಕುಡಿದಾಗಿದೆ, ನಿಜವಾದ ಲೇಖಕ ಇರುವುದು ಈ ಯಾರೂ ನೋಡದ ಪುಟಗಳಲ್ಲಿ ಎಂಬುದು ಅವರ ವಾದ. ಇವತ್ತು ಅಂಗಡಿಗೆ ಬಂದದ್ದು ಎರಡು ಕೆಲಸಕ್ಕೆ: ಒಂದು ಹೊಸ ಕನ್ನಡಕ, ಇನ್ನೊಂದು ಗುಂಡುಪಿನ್ನಿ.

"ಮೇಡಂ, ಒಂದು ಸಣ್ಣ ಅಡಿಟಿಪ್ಪಣಿ," ಎಂದರು ಫ್ರೇಮು ಹೊತ್ತುಕೊಂಡೇ. "ಈಜು ಕಲಿಸಿದ ಪ್ರಬಂಧ ಇದೆಯಲ್ಲ. ಆ ಕೆರೆ ಯಾವುದು?"

"ಕೆರೆ..." ಎಂದಳು ಅವಳು.

"ನನ್ನ ಮುನ್ನುಡಿ ಪೂರ್ತಿ ನಿಂತಿರುವುದೇ ಆ ಪ್ರಬಂಧದ ಮೇಲೆ. ತಂದೆ ಮಗಳ ಹೊಟ್ಟೆಯ ಕೆಳಗೆ ಅಂಗೈ ಕೊಟ್ಟು ಈಜಿಸುತ್ತಾನೆ. 'ಅಂಗೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದೆ. ಗುಂಡುಪಿನ್ನಿಗೆ ಗೊತ್ತಾಗಲಿಲ್ಲ. ನೀರಿಗೆ ಗೊತ್ತಾಯಿತು.' ಆಹಾ! ಕಾದಂಬರಿಗಳಲ್ಲಿ ಎಲ್ಲರನ್ನೂ ಕೈಬಿಡುವ ಆ ವಿಧಿ ಇದೆಯಲ್ಲ, ಅದರ ಬೀಜ ಇಲ್ಲಿದೆ. ನಾನು ಮುನ್ನುಡಿಗೆ ಇಟ್ಟ ಹೆಸರೇ 'ಹಿಂದೆಗೆದ ಅಂಗೈ'. ಇನ್ನು ಕಿವಿಗೆ ನೀರು ಹೋದಾಗ 'ಒಳಗೆ ಯಾರೋ ದೊಡ್ಡ ಕಾಗದ ಮಡಿಸುತ್ತಿದ್ದಾರೆ' ಅನ್ನುವ ಮಾತು! ನೀರಿಗಿಳಿದವನಿಗೆ ಮಾತ್ರ ಸಾಧ್ಯ ಮೇಡಂ ಅದು."

"ಹೌದು ಸರ್," ಎಂದಳು. ಬೇಕಾದದ್ದು ಹೆಸರಷ್ಟೆ. ಬಾಯಿ ತೆರೆದಳು, ಹೆಸರು ಬರಲಿಲ್ಲ. ಹೆಸರು ಹೋಗಲಿ, ಅಲ್ಲಿಗೆ ಹೋಗುವ ದಾರಿ ಬರಲಿಲ್ಲ. ನೀರು ಹಸಿರಾಗಿತ್ತು, ಅದು ಕಣ್ಣಿಗೆ ಕಟ್ಟಿದಂತಿದೆ. ಹೊಟ್ಟೆಯ ಕೆಳಗೆ ಅಪ್ಪನ ಅಂಗೈ, ಅದರ ಬಿಸಿ ಕೂಡ ಗೊತ್ತು. ಅಂಗೈ ಹೋಯಿತು, ಅವಳು ತೇಲಿದಳು. ಆಮೇಲೆ? ಒದ್ದೆ ಮೈಯಲ್ಲಿ ಹೇಗೆ ಮನೆಗೆ ಬಂದರು? ಟವೆಲು ಯಾರು ತಂದಿದ್ದರು? ಚಪ್ಪಲಿ ಎಲ್ಲಿ ಬಿಟ್ಟಿದ್ದರು? ಅಪ್ಪ ಒದ್ದೆಯಾದರೆ ಹೇಗೆ ಕಾಣುತ್ತಿದ್ದ? ಪ್ರಬಂಧ ಎಲ್ಲಿ ಶುರುವಾಗುತ್ತದೋ ನೆನಪೂ ಅಲ್ಲೇ ಶುರುವಾಗಿ, ಪ್ರಬಂಧ ಮುಗಿದಲ್ಲಿ ಮುಗಿದುಹೋಗುತ್ತಿತ್ತು, ಅಂಚಿನಲ್ಲಿ ಕತ್ತರಿ ಆಡಿಸಿದ ಹಾಗೆ. ಕತ್ತಲೆಕೋಣೆಯಲ್ಲಿ ಅವಳ ಕಿವಿ ಬಿಸಿಯಾಯಿತು. ಗುಂಡುಪಿನ್ನಿಯ ಅಷ್ಟೂ ಅಂಕಣಗಳಲ್ಲಿ ಅವಳು ಪೆದ್ದಿಯಾಗದ ಅಂಕಣ ಅದೊಂದೇ. ಅಪ್ಪ ಅವಳನ್ನು ಮುಟ್ಟಿದ ನೆನಪಿರುವುದೂ ಅದೊಂದರಲ್ಲೇ. ಗುಂಡಿ, ಹಾಜರಿ, ಮಹಡಿ ಮೆಟ್ಟಿಲು, ಎಲ್ಲವನ್ನೂ ಅವಳು ನಗುತ್ತ ನುಂಗಿಕೊಂಡದ್ದು ಆ ಒಂದು ಬೆಳಗಿನ ಬಲದ ಮೇಲೆ.

"ನೆನಪು ಮಾಡಿಕೊಂಡು ಹೇಳ್ತೀನಿ ಸರ್."

"ಸಂಜೆಯೊಳಗೆ ಹೇಳಿದರೆ ಸಾಕು. ನಾಳೆ ಫೋಟೋದವನು ನೇರವಾಗಿ ಈಜುಕೊಳಕ್ಕೇ ಬರುತ್ತಾನೆ. ಹಿಂಬದಿಯ ರಕ್ಷಾಪುಟಕ್ಕೆ ನೀವು ಈಜುತ್ತಿರುವ ಚಿತ್ರ! ನಿಮ್ಮ ಯಜಮಾನರಿಗೂ ಹೇಳಿದ್ದೇನೆ, ತುಂಬ ಖುಷಿಪಟ್ಟರು." ಪ್ರೊಫೆಸರ್ ಕುರ್ಚಿಯಿಂದ ಇಳಿದು, ಬಾಗಿಲು ಎಂದುಕೊಂಡು ಕನ್ನಡಿಯ ಕಡೆಗೆ ಹೊರಟರು. ಅವಳು ಮೊಣಕೈ ಹಿಡಿದು ತಿರುಗಿಸಿದಳು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಅಮ್ಮ ಜಗುಲಿಯ ಮೇಲೆ ಕಾಲು ಚಾಚಿ ಬಟಾಣಿ ಬಿಡಿಸುತ್ತಿದ್ದಳು. ಅಪ್ಪ ಹೋದಮೇಲೆ ಅಮ್ಮ ಇವಳ ಮನೆಯಲ್ಲೇ ಇದ್ದಾಳೆ. ಅಂಕಣದ ಗೃಹಮಂತ್ರಿ ಮರೆಗುಳಿ. ವಾರ ತಪ್ಪಿದರೂ ಹಾಲು ಉಕ್ಕಿಸುವುದು ತಪ್ಪುತ್ತಿರಲಿಲ್ಲ. ಮನೆಯ ಅಮ್ಮನಿಗೆ ಮರೆವು ಎಂಬುದೇ ಗೊತ್ತಿಲ್ಲ. ಹಳೆಯ ಅಂಕಣದ ಮಾತು ಬಂದರೆ ಸಾಕು, "ಅಚ್ಚಾಗಿದ್ದು ಹಾಗೆ, ಆಗಿದ್ದು ಹೀಗೆ" ಎಂದು ಶುರುಮಾಡುತ್ತಾಳೆ. ಹಾಲು ಉಕ್ಕಿಸಿದ್ದು ನಿಮ್ಮಪ್ಪ, ಒಲೆ ಮುಂದೆ ನಿಲ್ಲಿಸಿ ಹೋದರೆ ಮನುಷ್ಯ ಹಾಲು ಉಕ್ಕುವುದನ್ನು ನೋಡುತ್ತಲೇ ನಿಂತಿದ್ದರು, ಕೇಳಿದರೆ 'ಆರಿಸಬೇಕು ಅಂತ ನೀನು ಹೇಳಿರಲಿಲ್ಲವಲ್ಲ' ಅಂದರು. ಪ್ರಾಯಶಃ ಆ ಕಾರಣಕ್ಕೇ ಅವಳು ಈಜಿನ ವಿಷಯವನ್ನು ಅಮ್ಮನ ಮುಂದೆ ಯಾವತ್ತೂ ಎತ್ತಿರಲಿಲ್ಲವೇನೋ. ಎತ್ತಬಾರದು ಎಂದುಕೊಂಡದ್ದೂ ಇಲ್ಲ, ಎತ್ತಿದ್ದೂ ಇಲ್ಲ.

ಪಕ್ಕದಲ್ಲಿ ಕೂತು ಒಂದು ಹಿಡಿ ಬಟಾಣಿ ತೆಗೆದುಕೊಂಡಳು. "ಅಮ್ಮ, ನಾನು ಚಿಕ್ಕವಳಿದ್ದಾಗ ಮನೆ ಹತ್ತಿರ ಕೆರೆ ಯಾವುದಿತ್ತು?"

"ಯಾಕೆ?"

"ಸುಮ್ಮನೆ."

"ಸುಮ್ಮನೆ ಯಾರಾದರೂ ಕೆರೆ ಕೇಳ್ತಾರಾ? ಹೆಣ್ಣುಮಗಳು ಮಟಮಟ ಮಧ್ಯಾಹ್ನ ಬಂದು ಕೆರೆ ಯಾವುದು ಅಂದರೆ ಹೆತ್ತವಳು ಏನು ತಿಳ್ಕೋಬೇಕು? ಗಂಡ ಏನಾದರೂ ಅಂದನಾ?"

"ಇಲ್ಲಮ್ಮ! ಅಪ್ಪ ನನಗೆ ಈಜು ಕಲಿಸಿದ್ದು, ಆ ಕೆರೆ."

ಅಮ್ಮನ ಬೆರಳು ಸಿಪ್ಪೆಯ ಒಳಗೇ ನಿಂತಿತು. "ನಿಮ್ಮಪ್ಪ? ಈಜು?"

"ಹೂಂ."

"ತಲೆ ಮೇಲೆ ಒಂದು ಚೊಂಬು ನೀರು ಬಿದ್ದರೆ ಮುಳುಗಿಹೋದವರ ಹಾಗೆ ಕೂಗ್ತಿದ್ದ ಮನುಷ್ಯ! ಮೂಗು ಹಿಡ್ಕೊಂಡು, ಕಣ್ಣು ಮುಚ್ಕೊಂಡು, 'ಹಾಕ್ತೀಯಾ? ಹಾಕ್ತೀಯಾ? ಹೇಳಿ ಹಾಕು' ಅಂತ. ಪೂರಾ ಮೈಗೆ ಸ್ನಾನ ಮಾಡಿಸೋಕೆ ನನಗೆ ಹತ್ತು ವರ್ಷ ಹಿಡೀತು."

"ನನಗೆ ಈಜು ಬರತ್ತಲ್ಲಮ್ಮ."

"ಯಾವಾಗ ಈಜಿದೆ?"

ಅವಳು ಯೋಚಿಸಿದಳು. "ಆಮೇಲೆ ಸಂದರ್ಭ ಬರಲಿಲ್ಲ."

"ಕೂದಲು ಬೆಳ್ಳಗಾಗೋ ತನಕ ಸಂದರ್ಭ ಬರಲಿಲ್ಲವಾ?" ಅಮ್ಮನಿಗೆ ನಗು ತಡೆಯಲಾಗಲಿಲ್ಲ. ಮಡಿಲಿನ ಬಟಾಣಿ ಕಾಳುಗಳೂ ಕುಣಿದವು. "ಆ ವಾರ ನಿನಗೆ ಮಂಗನಬಾವು ಕಣೇ. ಕೆನ್ನೆ ಎರಡೂ ಊದಿ ಕುತ್ತಿಗೆಯೇ ಕಾಣ್ತಿರಲಿಲ್ಲ. ಕಿವಿ ನೋವು, ಕೆಂಡದಂಥ ಜ್ವರ. ಪತ್ರಿಕೆಯವನು ಬಂದು ಬಾಗಿಲಲ್ಲಿ ಕೂತಿದ್ದ, ಅಂಕಣ ಕೊಟ್ಟರೇ ಏಳೋದು ಅಂತ. ನಿಮ್ಮಪ್ಪನ ಹತ್ತಿರ ಒಂದು ಸಾಲಿಲ್ಲ. ಕಾಯಿಲೆ ಅಂದರೆ ಆ ಕೋಣೆ ಕಡೆ ತಲೆ ಹಾಕದವರು, ಅವತ್ತು ಕುರ್ಚಿ ಎಳ್ಕೊಂಡು ನಿನ್ನ ಮಂಚದ ಹತ್ತಿರ ಬಂದರು. 'ಏನನಿಸತ್ತೆ ಹೇಳು ಮಗೂ' ಅಂತ. ನೀನು ಜ್ವರದಲ್ಲಿ, ನೀರಲ್ಲಿದ್ದೀನಿ ಅಂದೆ. ನೀರು ಹಸಿರು ಅಂದೆ. ಕಿವಿಯಲ್ಲಿ ಯಾರೋ ಕಾಗದ ಮಡಿಸ್ತಿದ್ದಾರೆ ಅಂದೆ. ನಾನು ಹೆದರಿ ಅಳ್ತಾ ಇದ್ದರೆ ಇವರು ಪೆನ್ನು ಬಿಚ್ಚಿದರು!"

ಅವಳು ಒಂದು ಕಾಯಿಯನ್ನು ಸುಲಿದು, ಕಾಳನ್ನು ಕಸದ ಬುಟ್ಟಿಗೂ ಸಿಪ್ಪೆಯನ್ನು ತಟ್ಟೆಗೂ ಹಾಕಿದಳು. ಅಮ್ಮ ನೋಡಿ, ಸಿಪ್ಪೆಯನ್ನು ತಟ್ಟೆಯಿಂದ ಆರಿಸಿ ಬುಟ್ಟಿಗೆ ಹಾಕಿದಳು.

"ಮತ್ತೆ ಅಂಗೈ?" ಎಂದಳು ಅವಳು ಕೊನೆಗೆ. "ಹೊಟ್ಟೆ ಕೆಳಗೆ ಅಂಗೈ ಕೊಟ್ಟಿದ್ದು, ಆಮೇಲೆ ತೆಗೆದಿದ್ದು?"

"ಹೊಟ್ಟೆ ಅಲ್ಲ, ಬೆನ್ನು. ಬೆವರಿ ಹಾಸಿಗೆ ತೊಯ್ದುಹೋಗಿತ್ತು. ನಾನು ಬೇರೆ ಬಟ್ಟೆ ತರ್ತೀನಿ, ಅಲ್ಲಿ ತನಕ ಬೆನ್ನಿನ ಕೆಳಗೆ ಕೈ ಕೊಟ್ಟು ಎತ್ತಿ ಹಿಡ್ಕೊಳ್ಳಿ, ಒದ್ದೆ ತಾಗಬಾರದು ಅಂದೆ. ಆ ಪತ್ರಿಕೆಯವನು ನಡುವೆ ನೀರು ಬೇಕು ಅಂದ, ಒಲೆ ಮೇಲೆ ಏನೋ ಇತ್ತು, ನನಗೆ ಹೊತ್ತಾಯ್ತು. ಬಂದು ನೋಡಿದರೆ ಎಡಗೈ ಮೇಲೆ ನೀನು ನಿದ್ದೆಹೋಗಿದ್ದೀಯಾ, ಬಲಗೈಯಲ್ಲಿ ಬರೀತಾ ಕೂತಿದ್ದಾರೆ. ಕಾಗದ ಜಾರದ ಹಾಗೆ ಗಲ್ಲದಲ್ಲಿ ಒತ್ತಿಕೊಂಡಿದ್ದಾರೆ. ಇನ್ನು ಬಿಡಿ ಅಂದರೆ, 'ಶ್, ಏಳ್ತಾಳೆ' ಅಂತ ನನ್ನನ್ನೇ ಗದರಿಸಿದರು."

"ತೆಗೀಲಿಲ್ಲವಾ ಕೈ?"

"ತೆಗೆಯೋದೇನು ಬಂತು! ನೀನಾಗಿ ಮಗ್ಗುಲಾದ ಮೇಲೇ ಎದ್ದದ್ದು. ಕೈ ಜೋಮು ಹಿಡಿದು ಸೊಟ್ಟಗಾಗಿತ್ತು. ಎರಡು ದಿನ ನನ್ನ ಹತ್ತಿರ ಎಣ್ಣೆ ಹಚ್ಚಿ ತಿಕ್ಕಿಸಿಕೊಂಡರು, ಕಾದಂಬರಿ ಬರೆದು ಹೀಗಾಯ್ತು ಅಂತ ಬಂದವರಿಗೆಲ್ಲ ಹೇಳ್ಕೊಂಡರು." ಅಮ್ಮ ಮಡಿಲು ಕೊಡವಿ ಎದ್ದಳು. "ಊಟಕ್ಕೆ ಏಳು. ಕೆರೆಯಂತೆ ಕೆರೆ!"

ಮಧ್ಯಾಹ್ನದ ಮೇಲೆ ಅಂಗಡಿಯಲ್ಲಿ ಒಬ್ಬ ಟೈಲರ್, ಒಬ್ಬ ಡ್ರೈವರ್, ಹಣೆಯ ಮೇಲಿದ್ದ ಕನ್ನಡಕವನ್ನು ಕಳೆದುಕೊಂಡೆನೆಂದು ಹೊಸದು ಮಾಡಿಸಲು ಬಂದ ಒಬ್ಬ ವಕೀಲ. ಅವಳು ಲೆನ್ಸು ಇಳಿಸುತ್ತ ತೆಗೆಯುತ್ತ ಇದ್ದಳು. ಅಪ್ಪನದಾಯಿತು, ಈಗ ಅವಳಿಗೆ ತನ್ನ ದೋಣಿಯ ನೆನಪಾಗಿತ್ತು. ಗಂಡನ ಕಡೆಯವರೆಲ್ಲ ಸೇರಿ ಅಗಲವಾದ ನದಿಯೊಂದನ್ನು ದಾಟಿದ ದಿನ. ದೋಣಿಯವನು ಎಲ್ಲರಿಗೂ ಸಾಲುವಷ್ಟು ತೇಲುವ ಅಂಗಿ ಇಲ್ಲ, ಈಜು ಬರುವವರು ಯಾರಾದರೂ ಇದ್ದರೆ ಬಿಟ್ಟುಕೊಡಿ ಎಂದ. ಅವಳು, ಹೌದು ಅವಳೇ, ನಗುತ್ತ ಎದ್ದು ನಿಂತು, ತೊಟ್ಟಿದ್ದ ಆ ಕಿತ್ತಳೆ ಬಣ್ಣದ ಅಂಗಿಯನ್ನು ಬಿಚ್ಚಿ ಗಂಡನ ಸೋದರಮಾವನಿಗೆ ತೊಡಿಸಿದ್ದಳು. ಮುದುಕರು ಕಣ್ಣಲ್ಲಿ ನೀರು ತಂದುಕೊಂಡಿದ್ದರು. ನಾದಿನಿ ತನ್ನ ಅವಳಿ ಮಕ್ಕಳನ್ನು, "ಹೋಗಿ, ಅತ್ತೆ ತೊಡೆ ಮೇಲೆ ಕೂತ್ಕೊಳ್ಳಿ, ಅತ್ತೆಗೆ ಈಜು ಬರತ್ತೆ" ಎಂದು ದಾಟಿಸಿದ್ದಳು. ಅದನ್ನು ಕೇಳಿ ಪರಿಚಯವಿಲ್ಲದ ಇನ್ನೊಬ್ಬ ಹೆಂಗಸೂ ತನ್ನ ಕೂಸನ್ನು ತಂದು ಕೊಟ್ಟಿದ್ದಳು. ನಡುನೀರಿನಲ್ಲಿ ದೋಣಿ ಓಲಾಡಿದಾಗ ಎಲ್ಲರೂ ದೇವರ ಹೆಸರು ಹೇಳಿದರು, ಅವಳೊಬ್ಬಳು ಮೂರು ಮಕ್ಕಳನ್ನು ತಬ್ಬಿಕೊಂಡು, ಯಾವ ಮಗುವನ್ನು ಮೊದಲು ಎತ್ತಬೇಕು ಎಂದು ತಣ್ಣಗೆ ಲೆಕ್ಕ ಹಾಕುತ್ತಿದ್ದಳು. ಎಂಥ ಧೈರ್ಯ ಅತ್ತಿಗೆಯದು ಎಂದು ನಾದಿನಿ ಇವತ್ತಿಗೂ ಹೇಳುತ್ತಾಳೆ. ಅವಳಿ ಮಕ್ಕಳಿಗೆ ಮೀಸೆ ಬಂದಿದೆ. ಒಬ್ಬನಿಗಂತೂ ಮದುವೆಯೇ ಆಗಿದೆ.

"ಮೇಡಂ, ಏನೂ ಕಾಣ್ತಿಲ್ಲ," ಎಂದ ವಕೀಲ. ನೋಡಿದರೆ ಅವಳು ಎರಡು ಕಣ್ಣಿಗೂ ಮುಚ್ಚಳ ಹಾಕಿದ್ದಳು.

ತೆಗೆಯುವಾಗ ಅನಿಸಿತು, ಈಜು ಬರುವುದೇ ಇಲ್ಲ ಎಂದು ಹೇಗೆ ಹೇಳುವುದು? ಬರಬಹುದು. ಒಮ್ಮೆ ಕಲಿತರೆ ಮರೆಯುವುದಿಲ್ಲ ಎನ್ನುತ್ತಾರೆ. ಕಲಿತದ್ದು ಜ್ವರದ ನೀರಿನಲ್ಲಾದರೇನು? ಹಾಗೆ ಅಂದುಕೊಂಡದ್ದೇ ನಾಚಿಕೆಯಾಯಿತು. ತಾನೂ ಕೊನೆಯ ಸಾಲನ್ನು ಊಹಿಸುವವರ ಪೈಕಿ ಎನ್ನಿಸಿತು. ಇನ್ನೊಂದು ಯೋಚನೆಯೂ ಬಂತು, ಅದು ನಿಧಾನವಾಗಿ, ಟೈಲರ್ ಬಿಟ್ಟುಹೋದ ಹಳೆಯ ಕನ್ನಡಕವನ್ನು ಒರೆಸುವಾಗ ಬಂತು. ಅಮ್ಮ ಹೇಳಿದ್ದನ್ನು ಪ್ರೊಫೆಸರಿಗೆ ಹೇಳಿದರೆ? ಮೊದಲು ಅವರ ಮುನ್ನುಡಿ ಕುಸಿದು ಬೀಳುತ್ತದೆ. ಪಾಪ, ಎಷ್ಟು ರಾತ್ರಿ ನಿದ್ದೆಗೆಟ್ಟು ಬರೆದರೋ. ಆದರೆ ಅವರು ಅಷ್ಟು ಸುಲಭವಾಗಿ ಬೀಳುವವರಲ್ಲ. ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಫೋನು ಮಾಡಿ, 'ಮೇಡಂ, ಇದು ಇನ್ನೂ ದೊಡ್ಡದು!' ಎನ್ನುತ್ತಾರೆ. ಮುನ್ನುಡಿಗೆ 'ಹಿಂದೆಗೆಯದ ಅಂಗೈ' ಎಂದು ಹೊಸ ಹೆಸರಿಡುತ್ತಾರೆ. ಮಂಗನಬಾವು ಅಡಿಟಿಪ್ಪಣಿಯಾಗುತ್ತದೆ. ಅಮ್ಮನನ್ನು ಕೂರಿಸಿ ಮಾತಾಡಿಸುತ್ತಾರೆ, ಎಣ್ಣೆ ಯಾವುದು ಎಂದು ಕೇಳುತ್ತಾರೆ. ಬಿಡುಗಡೆಯ ದಿನ ಯಾರೋ ಬಂದು, 'ಕೆನ್ನೆ ಊದಿದ್ದು ನೀವೇನಾ?' ಎನ್ನುತ್ತಾರೆ.

ಸಂಜೆ ಮನೆಗೆ ಬಂದರೆ ಗಂಡ ಅವಳಿಗಿಂತ ಮೊದಲೇ ಬಂದು, ಒಂದು ಪೊಟ್ಟಣವನ್ನು ಬೆನ್ನ ಹಿಂದೆ ಹಿಡಿದು ನಿಂತಿದ್ದ. ವಿದ್ಯುತ್ ಕಚೇರಿಯಲ್ಲಿ ದಿನವಿಡೀ ಮೀಟರು ಓಡುತ್ತಿದೆ ಎಂಬ ದೂರುಗಳನ್ನೇ ಕೇಳುವ ಅವನ ಮುಖದಲ್ಲಿ ಇಷ್ಟು ಉತ್ಸಾಹ ಕಂಡು ಬಹಳ ಕಾಲವಾಗಿತ್ತು.

"ಏನದು?"

"ಈಜುಡುಗೆ! ನಾಳೆಗೆ."

"ನನ್ನನ್ನ ಕೇಳದೆ? ಅಳತೆ?"

"ಅಂಗಡಿಯವಳು ಸೈಜೆಷ್ಟು ಅಂದಳು. ನಾನು ಎರಡೂ ಕೈ ಅಗಲಿಸಿ ತೋರಿಸಿದೆ. ಅಲ್ಲಿದ್ದವರೆಲ್ಲ ನಕ್ಕರು."

"ತೋರಿಸಿ, ಎಷ್ಟು ಅಗಲಿಸಿದಿರಿ?"

ಅವನು ತೋರಿಸಿದ. ಅಮ್ಮ ಒಳಗಿನಿಂದ ನೋಡಿ, "ಅಳಿಯಂದಿರು ಪರವಾಗಿಲ್ಲ, ಕಡಿಮೆ ಮಾಡಿಯೇ ಹೇಳಿದ್ದಾರೆ" ಎಂದಳು. "ಸುಮ್ಮನಿರಮ್ಮ" ಎನ್ನುವುದರೊಳಗೆ ಫೋನು ಬಡಿದುಕೊಂಡಿತು. ಪ್ರೊಫೆಸರ್.

"ಮೇಡಂ, ಕೆರೆ ನೆನಪಾಯಿತಾ? ಆ ಪ್ರಬಂಧದ ಪುಟಗಳು ಅಚ್ಚಿಗೆ ಹೊರಟು ನಿಂತಿವೆ."

ಅಮ್ಮ ಎದುರಿಗೇ ಬಂದು ಕೂತಿದ್ದಳು. ಗಂಡ ಪೊಟ್ಟಣದ ದಾರ ಬಿಚ್ಚುತ್ತಿದ್ದ. ಅವಳು ಫೋನನ್ನು ಇನ್ನೊಂದು ಕಿವಿಗೆ ಹಿಡಿದಳು. "ಆಯ್ತು ಸರ್. ಊರಾಚೆ ಒಂದು ಕೆರೆ ಇತ್ತು. ಹಳೆಯ ಇಟ್ಟಿಗೆ ಗೂಡುಗಳನ್ನು ದಾಟಿದ ಮೇಲೆ. ಈಗಿಲ್ಲ. ಮುಚ್ಚಿ ಬಸ್ ಡಿಪೋ ಮಾಡಿದ್ದಾರೆ."

"ಬಸ್ ಡಿಪೋ! ಎಂಥ ದುರಂತ. ದಡದಲ್ಲಿ ಏನಾದರೂ...?"

"ನಾಲ್ಕು ಕಲ್ಲು ಮೆಟ್ಟಿಲು, ಒಂದು ಮುರಿದಿತ್ತು," ಎಂದಳು. ಎಷ್ಟು ಸಲೀಸಾಗಿ ಬರುತ್ತದಲ್ಲ ಎಂದು ಅವಳಿಗೇ ಬೆರಗಾಯಿತು. "ಒಂದು ಕುಂಟು ನಾಯಿ ನಮ್ಮ ಚಪ್ಪಲಿ ಕಾಯ್ತಾ ಕೂತಿತ್ತು. ಅಪ್ಪ ಮೊದಲು ಇಳಿದರು. ನೀರು ಸೊಂಟದ ತನಕ ಇತ್ತು." ಅಮ್ಮ ಬಾಯಿ ತೆರೆದಳು. ಅವಳು ಅಮ್ಮನ ಕಡೆ ನೋಡಲಿಲ್ಲ. "ಆದರೆ ಸರ್, ನಾಳೆ ಫೋಟೋಗೆ ನಾನು ದಂಡೆಯಲ್ಲಿ ನಿಲ್ಲುತ್ತೀನಿ ಅಷ್ಟೆ. ನೀರಿಗೆ ಇಳಿಯಲ್ಲ."

"ಯಾಕೆ ಮೇಡಂ? ಅದೇ ತಾನೆ ಮುಖ್ಯ!"

"ಈ ವಯಸ್ಸಲ್ಲಿ ಇಳಿದರೆ ನೀರಿಗೆ ಗೊತ್ತಾಗಿಬಿಡತ್ತೆ ಸರ್."

ಆ ಕಡೆ ಕಾಗದದ ಮೇಲೆ ಪೆನ್ನು ಓಡುವ ಸದ್ದು. "ಇನ್ನೊಮ್ಮೆ ಹೇಳುತ್ತೀರಾ? ತಂದೆಯ ಶೈಲಿಯೇ ಬಂದುಬಿಟ್ಟಿದೆ!" ಅವಳು ಇನ್ನೊಮ್ಮೆ ಹೇಳಿ ಫೋನು ಇಟ್ಟಳು.

ಗಂಡ ಮುಖ ಸಣ್ಣದು ಮಾಡಿಕೊಂಡ. "ಇಳಿಯಲ್ವಾ? ದೋಣಿಯಲ್ಲಿ ಅಷ್ಟು ಧೈರ್ಯ ಮಾಡಿದವಳು..."

"ಇನ್ನು ದೋಣಿ ಹತ್ತಿದರೆ ಆ ತೇಲೋ ಅಂಗಿ ಮೊದಲು ನನಗೆ. ಮಾವನೋರಾಗಲಿ, ಮಹಾರಾಜರಾಗಲಿ."

"ವಯಸ್ಸಾಯ್ತು ನಿನಗೆ," ಎಂದ ಅವನು, ಸಮಾಧಾನ ಹೇಳುವವನಂತೆ. ಅಮ್ಮ ಇಬ್ಬರನ್ನೂ ನೋಡುತ್ತ ಕೂತಿದ್ದಳು. ಅಚ್ಚಾದದ್ದು ಹಾಗೆ ಆದದ್ದು ಹೀಗೆ ಎಂದು ಈಗ ಶುರುವಾಗುತ್ತದೆ ಎಂದು ಅವಳು ಕಾದಳು. ಅಮ್ಮ ಮಂಡಿಯ ಮೇಲೆ ಕೈಯೂರಿ ಎದ್ದು, ಅವಳ ಪಕ್ಕ ಹಾದುಹೋಗುವಾಗ ಮೆಲ್ಲಗೆ, "ಅವತ್ತು ಆ ಕೆಸರು ಬಟ್ಟೆ ಯಾರು ಒಗೆದರು ಅಂತ ಕೇಳಿದರೆ, ನನ್ನ ಹೆಸರು ಹೇಳು" ಎಂದು ಒಳಗೆ ಹೋದಳು.

ತಂದದ್ದು ತಂದಾಯಿತು, ಒಮ್ಮೆ ಹಾಕಿಯಾದರೂ ನೋಡು ಎಂದು ಗಂಡ ಗೋಗರೆದ. ಅವಳು ಪೊಟ್ಟಣ ತೆಗೆದುಕೊಂಡು ಕೋಣೆಯ ಬಾಗಿಲು ಹಾಕಿಕೊಂಡಳು. ಕಡುನೀಲಿ ಬಟ್ಟೆ, ರಬ್ಬರಿನ ವಾಸನೆ. ಒಂದು ಕಾಲು ತೂರಿಸಿ, ಇನ್ನೊಂದು ಕಾಲಿಗಾಗಿ ಕುಂಟುತ್ತ ಕೋಣೆಯೆಲ್ಲ ಸುತ್ತಿ, ಕಪಾಟಿಗೆ ಒರಗಿ, ಕೊನೆಗೆ ಮೈಮೇಲೆ ಎಳೆದುಕೊಂಡಾಗ ಉಸಿರು ಮೇಲೆ ಸಿಕ್ಕಿಕೊಂಡಿತು. ಕನ್ನಡಿಯಲ್ಲಿ ಕಂಡ ಹೆಂಗಸಿಗೆ ಕಡ್ಡಿ ಮೈ ಎಂದು ಈಗ ಯಾರೂ ಹೆಸರಿಡುವಂತಿರಲಿಲ್ಲ. ನಗು ಬಂತು. ನಗುತ್ತಲೇ ಹಾಗೇ ಮಂಚದ ಮೇಲೆ ಅಂಗಾತ ಮಲಗಿದಳು, ಕೈಕಾಲು ಸಡಿಲ ಬಿಟ್ಟು, ಕಣ್ಣು ಮುಚ್ಚಿ. ಹೊರಗೆ ಬೀದಿಯಲ್ಲಿ ಯಾರೋ ಯಾರನ್ನೋ ಆಟ ಸಾಕು ಬಾ ಎಂದು ಕರೆಯುತ್ತಿದ್ದರು. ಹಸಿರು ನೀರು ಬರಲಿಲ್ಲ. ಕೆರೆ ಬರಲಿಲ್ಲ. ಗಲ್ಲದ ಕೆಳಗೆ ಕಾಗದ ಒತ್ತಿಕೊಂಡು, ಕುತ್ತಿಗೆ ಸೊಟ್ಟ ಮಾಡಿ, ಅಲುಗಾಡದೆ ಕೂತ ಒಬ್ಬ ಮನುಷ್ಯ ಬಂದ. ಇದು ನೆನಪಲ್ಲ, ಮಧ್ಯಾಹ್ನ ಅಮ್ಮ ಹೇಳಿದ್ದು ಎಂದು ಅವಳಿಗೆ ಗೊತ್ತಿತ್ತು. ಆದರೂ ಇರಲಿ. ಇದನ್ನು ಅಪ್ಪ ಬರೆದಿರಲಿಲ್ಲ. ಊರಿಗೆಲ್ಲ ಹಂಚದೆ ಅಪ್ಪ ಉಳಿಸಿದ್ದು ಇದೊಂದೇ, ಅಥವಾ ತನ್ನ ಕೈ ಏನು ಮಾಡುತ್ತಿದೆ ಎಂದು ನೋಡದೆ ಬಿಟ್ಟದ್ದು. ಪ್ರೊಫೆಸರಿಗೆ ಇದು ಸಿಗುವುದಿಲ್ಲ. 'ಮಗಳ ಮಾತು' ಎಂದು ಅವರು ಸಂಪುಟಕ್ಕೆ ಕೇಳಿರುವ ಎರಡು ಪುಟದಲ್ಲಿ ಮೆಟ್ಟಿಲು, ನಾಯಿ, ಬಸ್ ಡಿಪೋ ಎಲ್ಲ ಬರುತ್ತವೆ, ಬೇಕಾದರೆ ಇನ್ನೊಂದು ಮೀನನ್ನೂ ಹಾಕುತ್ತಾಳೆ. ಗಂಡನಿಗೂ ಹೇಳುವುದಿಲ್ಲ, ಒಳ್ಳೆಯವನು, ಆದರೆ ಕಚೇರಿಯಲ್ಲಿ ಊಟದ ಹೊತ್ತಿಗೆ ಹೇಳಿಬಿಡುತ್ತಾನೆ. ಅಮ್ಮನನ್ನೂ ಮತ್ತೆ ಕೇಳುವುದಿಲ್ಲ.

ಬಾಗಿಲು ತಟ್ಟಿದ ಸದ್ದಾಯಿತು. "ಏನು ಮಾಡ್ತಿದ್ದೀಯಾ ಇಷ್ಟು ಹೊತ್ತು? ಸರಿಯಾಯ್ತಾ?"

"ಸ್ವಲ್ಪ ಬಿಗಿ," ಎಂದಳು ಅವಳು, ಏಳಲಿಲ್ಲ.